ಅಟ್ಟಕ್ಕೆ ಹಾಕಿದ ಮದುವೆ ಪುಟಗಳು

ಪತ್ರಿಕೆಗಳನ್ನು ತಂದವಳು ನಾನೇ. ಅದರಲ್ಲಿ ಅನುಮಾನವಿಲ್ಲ, ಉಳಿದುದರಲ್ಲೆಲ್ಲ ಇದೆ.

ತಂಗಿಯ ನಿಶ್ಚಿತಾರ್ಥವಾದ ಮಾರನೆಯ ವಾರ ತಿಪಟೂರು ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯಿಂದ ಮದುವೆ ವಿಶೇಷಾಂಕಗಳ ಒಂದು ಕಟ್ಟನ್ನೇ ಹೊತ್ತು ತವರಿಗೆ ಹೋದೆ. ನನ್ನ ಮದುವೆಯಲ್ಲಿ ಸೀರೆ ಯಾವ ಬಣ್ಣದ್ದು ಬೇಕು ಎಂದು ಕೂಡ ನನ್ನನ್ನು ಯಾರೂ ಕೇಳಿರಲಿಲ್ಲ. ಅವಳಾದರೂ ಆರಿಸಿಕೊಳ್ಳಲಿ ಎಂದು ತಂದೆ. ಇಷ್ಟಕ್ಕೇ ನಿಲ್ಲಿಸಿದರೆ ಒಳ್ಳೆಯ ಅಕ್ಕನಾಗಿ ಕಾಣುತ್ತೇನೆ. ಬಸ್ಸಿನಲ್ಲಿ ಅಷ್ಟನ್ನೂ ತಿರುವಿ, ನನಗೆ ಇಷ್ಟವಾದ ಪುಟಗಳ ಮೂಲೆ ಮಡಚಿದ್ದನ್ನೂ ಬರೆಯಬೇಕು.

ತಂಗಿ ತುರುವೇಕೆರೆಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಾಳೆ. ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಪತ್ರಿಕೆಯೊಂದರಲ್ಲಿದ್ದ ನೂರು ದಿನಗಳ ತಯಾರಿಯ ಪಟ್ಟಿಯನ್ನು ಕತ್ತರಿಸಿ ಬೀರುವಿಗೆ ಅಂಟಿಸಿದಳು. ಮದುವೆಗೆ ಉಳಿದದ್ದು ಅರವತ್ತೇ ದಿನ. ಅಂಟಿಸಿದ ಗಳಿಗೆಯಲ್ಲೇ ನಲವತ್ತು ದಿನ ಹಿಂದೆ ಬಿದ್ದಿದ್ದಳು.

ಮೂರು ವಾರ ಬಿಟ್ಟು ಹೋದಾಗ ಮನೆ ತುಂಬ ಪುಟಗಳು. ಪುಟಪುಟಕ್ಕೂ ಬಣ್ಣದ ಚೀಟಿ. ಅವಳ ಕೆನ್ನೆ ಇಳಿದಿತ್ತು. ಹುಡುಗ ಫೋನ್ ಮಾಡಿದರೆ ಅವನ ಶೇರ್ವಾನಿಯ ಬಣ್ಣ ಬಿಟ್ಟು ಬೇರೆ ಮಾತಿಲ್ಲ.

"ಅಕ್ಕ, ಈ ಮದ್ವೇನೇ ಬ್ಯಾಡ ಅನ್ಸುತ್ತೆ."

"ಹುಡುಗ?"

"ಹುಡುಗ ಬೇಕು ಕಣಕ್ಕ. ಮದ್ವೆ ಬ್ಯಾಡ."

ನಗಬೇಕೆಂದು ಬಾಯಿ ತೆರೆದೆ. ಅವಳು ಅಳುತ್ತಿದ್ದಳು.

ಅವ್ವ ಪಕ್ಕದಲ್ಲೇ ಅಟ್ಟದಿಂದ ಇಳಿಸಿದ ಕಾಯಿಗಳ ನಡುವೆ ಕೂತಿದ್ದಳು. ನಮ್ಮ ಕಡೆ ಬಲಿತ ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಮರೆತುಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾದರೆ ಅಲ್ಲಾಡಿಸಿದಾಗ ಗಡಗಡ ಅನ್ನುತ್ತದೆ. ನೀರು ಕುಲುಕಿದರೆ ವಾಪಸ್ ಅಟ್ಟಕ್ಕೆ. ಅವ್ವ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು.

"ಆ ಪೇಪರ್‌ನೆಲ್ಲ ಚೀಲಕ್ಕೆ ತುಂಬಿ ಮ್ಯಾಲಕ್ಕೆ ಹಾಕ್ರೇ. ಎಂಟು ದಿನ ಮುಟ್ಬ್ಯಾಡಿ. ಏನು ಉಳ್ಕಂತದೋ ನೋಡಾನ."

"ಅವ್ವಾ, ಎಂಟು ದಿನ ಅಂದ್ರೆ ಬ್ಲೌಸ್ ಹೊಲಿಯೋನು..."

"ಅವ್ನೂ ಎಂಟು ದಿನ ಉಸಿರಾಡ್ಲಿ ಬುಡು."

ಇದನ್ನು ಅವ್ವನ ಜಾಣತನವೆಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಈಗ ಅನುಮಾನ. ಪುಟಗಳು ಕಾಯಿ ಸುರಿಯುವ ಜಾಗಕ್ಕೆ ಅಡ್ಡವಾಗಿದ್ದವು, ಅವ್ವ ತೆಗೆಯಿರಿ ಎಂದಳು, ಅಷ್ಟೇ ಇರಬಹುದು. ಉಳಿದ ಮಾತು ನಾನು ಸೇರಿಸಿದ್ದೇ? ಚೀಲ ಅಟ್ಟಕ್ಕೆ ಹೋದದ್ದು ಮಾತ್ರ ನಿಜ. ಪಟ್ಟಿಯನ್ನೂ ಬೀರುವಿನಿಂದ ಕಿತ್ತು ಅದರೊಳಕ್ಕೆ ಹಾಕಿದೆವು.

ಎಂಟು ದಿನದ ಮೇಲೆ ಚೀಲ ಇಳಿಸದೆಯೇ ಕೇಳಿದೆ: "ನೋಡ್ದೆ ಹೇಳು, ಏನೇನು ನೆನಪೈತೆ?"

ತಂಗಿ ಕಣ್ಣು ಮುಚ್ಚಿದಳು. "ಮಂಟಪದ ಎರಡು ಕಡೆ ಹೊಂಬಾಳೆ ಕಟ್ಟಿದ್ರಲ್ಲ, ಅದು. ಹುಚ್ಚೆಳ್ಳು ಹೂವಿನ ಹಳದಿದು ಒಂದು ಸೀರೆ. ಆಮ್ಯಾಲೆ, ಒಬ್ಳು ಮದುಮಗಳು ಊಟಕ್ಕೆ ಕೂತಿದ್ಲು ಕಣಕ್ಕ, ಬಾಯ್ತುಂಬ ತುತ್ತು. ನಾನೂ ಹಂಗೇ ಉಣ್ಬೇಕು."

ಮೂರೇ ಹೇಳಿದಳೋ, ನಾಲ್ಕೋ. ಮೂರು ಅಂದರೆ ಬರೆಯಲು ಸಲೀಸು, ಅದಕ್ಕೇ ನಂಬಿಕೆ ಬರುವುದಿಲ್ಲ. ನಾನು ಮೂಲೆ ಮಡಚಿದ ಪುಟ ಅದರಲ್ಲಿ ಒಂದೂ ಇರಲಿಲ್ಲ.

ಸೀರೆ ಸಿಕ್ಕಿತು. ಕಷ್ಟದ್ದು ಹೊಂಬಾಳೆ. ತೆಂಗಿನ ಎಳೆ ಹೂಗೊಂಚಲು ಅದು. ಒಂದನ್ನು ಕಿತ್ತರೆ ಒಂದು ಗೊನೆ ಕಾಯಿ ಹೋದ ಹಾಗೆ. ಹಿಂದೊಮ್ಮೆ ಕಂದಿಕೆರೆಯ ನೆಂಟರು ತಮ್ಮ ಮನೆಯ ಮದುವೆಗೆ ಹೊಂಬಾಳೆ ಕೇಳಿಕೊಂಡು ಬಂದಾಗಲೂ ಅಪ್ಪ ಕಾಫಿ ಕೊಡಿಸಿ ಬರಿಗೈಯಲ್ಲಿ ಕಳಿಸಿದ್ದ. ನಾನು ಕೇಳುತ್ತೇನೆ ಅಂದೆ. ತಂಗಿ ಬೇಡವೆಂದು ತಾನೇ ಹೋದಳು.

"ಪೇಟೇಲಿ ಪ್ಲಾಸ್ಟಿಕ್‌ದು ಸಿಗಲ್ವೇನವ್ವ?" ಅಂದ ಅಪ್ಪ, ತಲೆಯೆತ್ತದೆ.

"ಸಿಗುತ್ತೆ ಕಣಪ್ಪ."

"ಮತ್ತೆ?"

"ನಮ್ ತ್ವಾಟದ್ದೇ ಬೇಕು."

ಅಪ್ಪ ಟವೆಲ್ ಕೊಡವಿ ತೋಟಕ್ಕೆ ಹೊರಟ. ಆಮೇಲೆ ಆ ಮಾತೇ ಎತ್ತಲಿಲ್ಲ. ಮದುವೆಯ ಬೆಳಿಗ್ಗೆ ಒದ್ದೆ ಪಂಚೆಯಲ್ಲಿ ಸುತ್ತಿ, ಕೂಸನ್ನು ಹಿಡಿದ ಹಾಗೆ ಹಿಡಿದು ತಂದ. ಎರಡು ಕೇಳಿದ್ದಳು, ನಾಲ್ಕಿದ್ದವು.

"ಯಾವ ಮರದ್ದಪ್ಪ?" ಎಂದಳು ತಂಗಿ.

"ನಿನ್ಗ್ಯಾಕೆ? ಹೋಗು, ಮುಖ ತೊಳ್ಕೊ."

ಧಾರೆಯ ಹೊತ್ತಿಗೆ ಅವಳ ತಲೆಯ ಮೇಲೆ ಹೊಂಬಾಳೆಯ ನಸುಹಳದಿ ಪುಟ್ಟ ಹೂಗಳು ಉದುರಿದವು, ಫೋಟೋದವರು ಕೊಡವಲು ಕೈ ಚಾಚಿದರು, ಅವಳು "ಇರ್ಲಿ ಬುಡಿ" ಅಂದಳು. ಇದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆಲ್ಬಮಿನಲ್ಲಿ ನೋಡಿದರೆ ಧಾರೆಯ ಯಾವ ಫೋಟೋದಲ್ಲೂ ಅವಳ ತಲೆಯ ಮೇಲೆ ಹೂವಿಲ್ಲ.

ಕೊನೆಯ ಪುಟದಲ್ಲಿ ಊಟದ ಫೋಟೋ ಇದೆ. ಹಳದಿ ಸೀರೆ, ಬಾಯ್ತುಂಬ ತುತ್ತು. ಕ್ಯಾಮೆರಾದ ಕಡೆ ನೋಡಿಯೇ ಇಲ್ಲ. ಎಲೆಯ ಅಂಚಿನಲ್ಲಿ, ಉಪ್ಪಿನ ಪಕ್ಕ, ನಸುಹಳದಿಯ ನಾಲ್ಕೈದು ಹೂ ಬಿದ್ದಿವೆ.