ಗುತ್ಯಪ್ಪನವರ ನಿದ್ದೆ

ಹವಾಲ್ದಾರ್ ಗುತ್ಯಪ್ಪನವರು ಧ್ಯಾನಕ್ಕೆ ಕೂತಾಗ ಕಣ್ಣು ಮುಚ್ಚುತ್ತಿರಲಿಲ್ಲ. ಬೆನ್ನನ್ನು ಗೋಡೆಗೆ ಹಚ್ಚಿ, ಮುಖವನ್ನು ಬಾಗಿಲ ಕಡೆ ಮಾಡಿ, ಅಂಗೈಗಳನ್ನು ಮಂಡಿಯ ಮೇಲೆ ಬೋರಲಾಗಿಟ್ಟು ಕೂರುತ್ತಿದ್ದರು. ಉಳಿದವರು ಉಸಿರು ನೋಡುತ್ತಿದ್ದರೆ ಇವರು ಬಾಗಿಲು ನೋಡುತ್ತಿದ್ದರು. ನಾಯಿಯೊಂದು ಹೊಸ್ತಿಲ ಹತ್ತಿರ ಸುಳಿದರೂ ಅದು ಮೊದಲು ತಿಳಿಯುತ್ತಿದ್ದದ್ದು ಅವರಿಗೆ.

ನಾನು ಶಿಕಾರಿಪುರದ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಎನ್‌ಸಿಸಿಯನ್ನೂ ನೋಡಿಕೊಳ್ಳುತ್ತಿದ್ದೆ. ಸೇನೆಯಿಂದ ನಿವೃತ್ತರಾಗಿ ಬಂದವರಿಗಾಗಿ ಡಾಕ್ಟರಮ್ಮ ಒಬ್ಬರು ಶಾಲೆಯ ಸಭಾಂಗಣದಲ್ಲಿ ಭಾನುವಾರ ಬೆಳಗ್ಗೆ ಧ್ಯಾನದ ತರಗತಿ ಶುರು ಮಾಡಿದಾಗ, ಕಸ ಗುಡಿಸಿ ಜಮಖಾನ ಹಾಸುವುದನ್ನೂ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುವುದನ್ನೂ ನಾನೇ ಒಪ್ಪಿಕೊಂಡೆ. ಹೀಗಾಗಿ ಎಲ್ಲರ ಜೊತೆ ನಾನೂ ಕೂರುತ್ತಿದ್ದೆ.

ಡಾಕ್ಟರಮ್ಮ ಮೊದಲ ದಿನವೇ ನೇರವಾಗಿ ಹೇಳಿದ್ದರು: "ಇದು ಪವಾಡ ಅಲ್ಲ. ಮಾತ್ರೆ ತಗೊಳ್ಳೋರು ನಿಲ್ಲಿಸಬೇಡಿ. ಎಂದೋ ಆಗಿಹೋದದ್ದು ಈಗಲೇ ಆಗ್ತಿದೆ ಅಂತ ನಿಮ್ಮ ಮೈ ನಂಬಿಕೊಂಡಿದೆ. ಈಗ ಅನ್ನೋದು ಯಾವುದು ಅಂತ ಅದಕ್ಕೆ ಮತ್ತೆ ಮತ್ತೆ ತೋರಿಸೋದು, ಅಷ್ಟೇ ಕೆಲಸ. ಕಣ್ಣು ಮುಚ್ಚೋದು ಕಷ್ಟ ಅಂದ್ರೆ ತೆಗೆದೇ ಇರ್ಲಿ."

ಗುತ್ಯಪ್ಪನವರ ಪಕ್ಕದಲ್ಲಿ ಕೂರುತ್ತಿದ್ದ ಸೇನೆಯ ಹಳೆಯ ಡ್ರೈವರ್ ಒಬ್ಬರಿಗೆ ಇವರು ಗೋಡೆಗೆ ಬೆನ್ನು ಹಚ್ಚಿ ಕೂರುವುದು ತಮಾಷೆ. "ಏನೋ ಗುತ್ಯಪ್ಪಾ, ಗೋಡೆ ಬೀಳ್ತೈತೆ ಅಂತ ಆತು ಹಿಡಿದೀಯೇನೋ?"

"ನೀ ಗೊರಕೆ ಹೊಡ್ದು ಬೀಳಿಸ್ತೀಯ ಅಂತ ಹಿಡ್ದೀನಿ, ಸುಮ್ನೆ ಕೂರು."

ಬೇರೆಯವರಿಗೆ ಡಾಕ್ಟರಮ್ಮನ ಮಾತು ಅರ್ಥವಾಗದಿದ್ದರೆ ಗುತ್ಯಪ್ಪನವರು ತಮ್ಮ ಭಾಷೆಯಲ್ಲಿ ಬಿಡಿಸಿ ಹೇಳುತ್ತಿದ್ದರು. "ಮನಸ್ಸು ಓಡಿಹೋಗೋ ಸಿಪಾಯಿ ಇದ್ದಂಗೆ ಕಣ್ರೋ. ಓಡೋದು ಅದರ ಹಣೇಬರಹ. ಹೊಡೀಬ್ಯಾಡ, ಬಯ್ಯಬ್ಯಾಡ. ಕೈ ಹಿಡ್ಕಂಡ್ ಬಂದು ಲೈನಿಗೆ ನಿಲ್ಸು. ಮತ್ತೆ ಓಡ್ತೈತೆ. ಮತ್ತೆ ನಿಲ್ಸು." ಅವರು ಹಾಗೆಯೇ ಮಾಡುತ್ತಿದ್ದರು. ತುಟಿ ಸಣ್ಣಗೆ ಅಲುಗುತ್ತಿತ್ತು: "ಇದು ಫ್ಯಾನು. ಇದು ಸಿಕಾರಿಪುರ. ನಾನು ಕೂತೀನಿ."

ಅವರು ತರಗತಿಗೆ ಬಂದದ್ದು ಹೆಂಡತಿಗಾಗಿ. ನಿವೃತ್ತರಾಗಿ ಬಂದ ಹೊಸದರಲ್ಲಿ ಒಮ್ಮೆ ರೇಣುಕಮ್ಮನವರು ಮಲಗಿದ್ದ ಗಂಡನ ಭುಜ ಮುಟ್ಟಿ ಎಬ್ಬಿಸಲು ಹೋದರು. ಗುತ್ಯಪ್ಪನವರಿಗೆ ಎಚ್ಚರವಾಗುವ ಮುಂಚೆಯೇ ಅವರ ಕೈಗಳು ಹೆಂಡತಿಯ ಕುತ್ತಿಗೆಯನ್ನು ಅಮುಕಿದ್ದವು. ಇನ್ನೊಮ್ಮೆಯೂ ಹಾಗೆಯೇ ಆಯಿತು. ರೇಣುಕಮ್ಮ ಬಟ್ಟೆ ಕಟ್ಟಿಕೊಂಡು ಆನವಟ್ಟಿಯ ತಾಯಿಯ ಮನೆಗೆ ಹೋದರು. ಜಗಳವಿರಲಿಲ್ಲ. ಗಂಡನಿಗೆ ಊಟ ಆಯಿತೇ ಎಂದು ದಿನವೂ ಫೋನಿನಲ್ಲಿ ಕೇಳುತ್ತಿದ್ದರು. ಮನೆಗೆ ಬಾ ಎಂದರೆ ಅವರದು ಒಂದೇ ಮಾತು: "ಹಗಲು ಹೊತ್ತಿನಾಗೆ ನನ್ ಕಣ್ಣೆದುರು ಒಂದ್ಸಲ ನಿದ್ದೆ ಮಾಡಿ ಏಳ್ಲಿ. ಎದ್ದಾಗ ನನ್ ಗುರುತು ಹಿಡೀಲಿ. ಅವತ್ತೇ ಬತ್ತೀನಿ."

ಸೇನೆಯಲ್ಲಿ ಏನಾಯಿತೆಂದು ಗುತ್ಯಪ್ಪನವರು ನನಗೆ ಹೇಳಿದ್ದು ಒಮ್ಮೆ ಮಾತ್ರ, ಜಮಖಾನ ಮಡಿಚುವಾಗ, ಅದರ ಆ ತುದಿ ಅವರ ಕೈಯಲ್ಲಿ ಈ ತುದಿ ನನ್ನ ಕೈಯಲ್ಲಿ ಇದ್ದಾಗ. ಗುಡ್ಡದ ರಸ್ತೆಯಲ್ಲಿ ಹೋಗುತ್ತಿದ್ದ ಟ್ರಕ್ಕಿನಲ್ಲಿ ಅವರು ನಿದ್ದೆ ಹೋಗಿದ್ದರಂತೆ. ರಸ್ತೆಯಲ್ಲಿ ಹುಗಿದಿದ್ದ ಬಾಂಬು ಸಿಡಿದದ್ದು ಅವರಿಗೆ ಕೇಳಿಸಲೇ ಇಲ್ಲ. "ಭುಜದ ಮ್ಯಾಲೆ ಯಾರೋ ಕೈ ಇಟ್ಟಂಗಾತು ಮೇಷ್ಟ್ರೇ. ನನ್ ಜೊತೆಗಾರ ಎಬ್ಬಿಸ್ತಾ ಅವ್ನೆ ಅಂತ ಎದ್ದೆ. ಕೈ ಅವಂದೇ. ಅವ ಇರ್ಲಿಲ್ಲ." ಅಷ್ಟು ಹೇಳಿ ಜಮಖಾನದ ಅಂಚಿಗೆ ಅಂಚು ಸರಿಯಾಗಿ ಕೂಡಿಸಿದರು.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಅವರ ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಂಡವು. ಸ್ವಲ್ಪ ಹೊತ್ತಿಗೆ ತಲೆ ವಾಲಿತು. ಗುತ್ಯಪ್ಪನವರು ನಿದ್ದೆ ಮಾಡುತ್ತಿದ್ದರು. ಡಾಕ್ಟರಮ್ಮ ನನ್ನ ಕಡೆ ನೋಡಿ ಗಂಟೆ ಬೇಡ ಎಂದು ಕೈಯಾಡಿಸಿದರು. ಯಾರೂ ಏಳಲಿಲ್ಲ. ಡ್ರೈವರ್ ಕೆಮ್ಮು ಬಂದರೂ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಗುತ್ಯಪ್ಪನವರು ತಾವಾಗಿ ಕಣ್ಣು ತೆರೆದು, ನಮ್ಮನ್ನೆಲ್ಲ ನೋಡಿ, "ಏನು, ಯಾರೂ ಮನೆಗೆ ಹೋಗಿಲ್ವಾ?" ಎಂದರು. ಆಮೇಲೆ ಮುಖ ತಿರುಗಿಸಿಕೊಂಡು ಅತ್ತರು.

ಮುಂದಿನ ಭಾನುವಾರಗಳಲ್ಲೂ ಅವರಿಗೆ ನಿದ್ದೆ ಬಂತು, ತಾವಾಗಿಯೇ ಎದ್ದರು. ಆನವಟ್ಟಿಗೆ ಹೋಗುವ ಧೈರ್ಯ ಮಾಡಿದರು. ಡಾಕ್ಟರಮ್ಮ ಇನ್ನೂ ಅವಸರ ಬೇಡವೆಂದರೂ ಅವರು ಕೇಳಲಿಲ್ಲ. ಕೊನೆಗೆ ಡಾಕ್ಟರಮ್ಮ ಒಂದು ಎಚ್ಚರಿಕೆ ಹೇಳಿ ಕಳಿಸಿದರು: ಮಲಗಿದಾಗ ಯಾರೂ ಮುಟ್ಟಬಾರದು, ಎಬ್ಬಿಸಬೇಕಾದರೆ ದೂರದಿಂದ ಹೆಸರು ಹಿಡಿದು ಕರೆಯಬೇಕು. ಜೊತೆಗೆ ನಾನು ಹೋದೆ. ಮನೆಯವರಿಗೆಲ್ಲ ಈ ಮಾತನ್ನು ನಾನೇ ತಿಳಿಸಿದೆ. ಮನೆಯಲ್ಲಿ ಎಲ್ಲರೂ ಅಜ್ಜಿ ಎನ್ನುತ್ತಿದ್ದ ರೇಣುಕಮ್ಮನ ತಾಯಿಯೂ ಕೇಳಿಸಿಕೊಂಡು ತಲೆಯಾಡಿಸಿದರು.

ಊಟವಾದ ಮೇಲೆ ಗುತ್ಯಪ್ಪನವರು ಪಡಸಾಲೆಯ ಚಾಪೆಯ ಮೇಲೆ ಮಲಗಿದರು. ರೇಣುಕಮ್ಮ ಕಂಬಕ್ಕೆ ಒರಗಿ ಎದುರಿಗೇ ಕೂತರು. ನಿದ್ದೆ ಬಂತು. ಎಂಥ ನಿದ್ದೆ! ಬಾಯಿ ತೆರೆದಿತ್ತು, ಕೈಕಾಲು ಸಡಿಲವಾಗಿದ್ದವು. "ನನ್ ಮದುವೆ ಆದ ವರ್ಸ ಹಿಂಗ್ ಮಲಗ್ತಿದ್ರು ಮೇಷ್ಟ್ರೇ," ಎಂದು ರೇಣುಕಮ್ಮ ಪಿಸುಗುಟ್ಟಿದರು. ಹೊತ್ತು ಇಳಿಯಿತು. ಅವರು ಏಳಲೇ ಇಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತೆಂದು ರೇಣುಕಮ್ಮ ಎದ್ದು ಹೋದರು. ನಾನು ಮುಖ ತೊಳೆಯಲು ಹಿತ್ತಲಿಗೆ ಹೋದೆ.

ನಮ್ಮ ಕಡೆ ಮೂರುಸಂಜೆಯಲ್ಲಿ ಯಾರನ್ನೂ ಮಲಗಲು ಬಿಡುವುದಿಲ್ಲ. ದೀಪ ಹಚ್ಚುವಾಗ ಮನೆಯಲ್ಲಿ ಒಬ್ಬರು ಮಲಗಿದ್ದರೂ ಲಕ್ಷ್ಮಿ ಒಳಗೆ ಬರುವುದಿಲ್ಲ ಎಂಬ ನಂಬಿಕೆ. ಅಜ್ಜಿ ದೀಪ ಹಚ್ಚಿದರು. ಮಕ್ಕಳನ್ನು, ಮೊಮ್ಮಕ್ಕಳನ್ನು ಜೀವಮಾನವೆಲ್ಲ ಹೇಗೆ ಎಬ್ಬಿಸಿದ್ದರೋ ಹಾಗೆಯೇ, ಬಾಗಿ, ಅಳಿಯನ ಭುಜ ತಟ್ಟಿದರು. "ಏಳಪ್ಪಾ, ದೀಪ ಹಚ್ಚೋ ಹೊತ್ತಾತು."

ಕೂಗು ಕೇಳಿ ನಾನೂ ರೇಣುಕಮ್ಮನೂ ಓಡಿ ಬಂದೆವು. ಅಜ್ಜಿ ನೆಲಕ್ಕೆ ಬಿದ್ದಿದ್ದರು. ಅವರ ಮುಂಗೈಯನ್ನು ಗುತ್ಯಪ್ಪನವರು ತಿರುಚಿ ಹಿಡಿದಿದ್ದರು. ರೇಣುಕಮ್ಮ ಎದುರಿಗೆ ನಿಂತು "ರೀ, ನಾನು" ಎಂದರು. ಅವರು ಹೆಂಡತಿಯ ಮುಖ ನೋಡಿದರು. ಕೈ ಬಿಟ್ಟರು.

ಅಜ್ಜಿಯ ಮುಂಗೈ ಮುರಿದಿತ್ತು. ಗುತ್ಯಪ್ಪನವರೇ ಒಂದು ಹಲಗೆ ತುಂಡು ತರಿಸಿ, ಟವೆಲ್ ಸೀಳಿ, ಅಲುಗದ ಹಾಗೆ ಕಟ್ಟಿದರು. ಆಸ್ಪತ್ರೆಯವರು ನೋಡಿ ಯಾರು ಕಟ್ಟಿದ್ದು, ಚೆನ್ನಾಗಿ ಕಟ್ಟಿದ್ದಾರೆ ಎಂದರು. "ನಂದೇ ತಪ್ಪು ಕಣಪ್ಪ," ಎಂದು ಅಜ್ಜಿ ದಾರಿಯುದ್ದಕ್ಕೂ ಹೇಳುತ್ತಿದ್ದರು. "ಮೇಷ್ಟ್ರು ಹೇಳಿದ್ರು. ಕೈ ಕೇಳ್ಲಿಲ್ಲ."

ರೇಣುಕಮ್ಮನ ಲೆಕ್ಕ ಬೇರೆಯೇ ಇತ್ತು. ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ಹೇಳಿದರು: "ನನ್ ಮುಖ ನೋಡ್ತಿದ್ದಂಗೇ ಕೈ ಬಿಟ್ರು, ನೋಡಿದ್ರಲ್ಲ? ಮುಂಚೆ ಹಿಂಗಿರ್ಲಿಲ್ಲ. ಅವ್ವನ ಕೈ ಸ್ವಲ್ಪ ಕೂಡಿಕೊಳ್ಲಿ, ನಾನು ಮನೆಗೆ ಹೋಗ್ತೀನಿ."

ಅದಾದ ಮೇಲೆ ಗುತ್ಯಪ್ಪನವರು ತರಗತಿಗೆ ಬರಲಿಲ್ಲ. ಡಾಕ್ಟರಮ್ಮ ಮನೆಗೇ ಹೋಗಿ ಮಾತಾಡಿಸಿದರು. ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದಷ್ಟೇ ಹೇಳಿದರಂತೆ. ಒಂದು ಬೆಳಗ್ಗೆ, ನಾನು ವಾಕಿಂಗ್ ಮುಗಿಸಿ ಬರುವಾಗ, ನಮ್ಮ ಗೇಟಿನ ಹತ್ತಿರ ಟ್ರಂಕು ಇಟ್ಟುಕೊಂಡು ನಿಂತಿದ್ದರು. ಮನೆಯ ಕೀಲಿ ನನ್ನ ಕೈಗಿಟ್ಟರು.

"ರೇಣುಕ ಮಧ್ಯಾಹ್ನದ ಬಸ್ಸಿಗೆ ಬತ್ತಾಳೆ. ಕೊಡ್ರಿ."

"ನೀವೆಲ್ಲಿಗೆ?"

"ಗೋವಾ ಕಡೆ ವಾಚ್‌ಮನ್ ಕೆಲ್ಸ ಐತೆ. ರಾತ್ರಿ ಪಾಳಿ. ಅಲ್ಲಿ ಮಲಗಿದೋರ್ಗೆ ಬಯ್ತಾರೆ. ನಂಗೇನ್ ಬಯ್ಯೋದಿಲ್ಲ."

"ಅವರು ಬರೋದು ನೀವಿದೀರಿ ಅಂತ. ಹೇಳಿದೀರಾ ಅವರಿಗೆ?"

"ಹೇಳಿದ್ರೆ ಬರಾಕಿಲ್ಲ."

ನನಗೆ ಸಿಟ್ಟು ಬಂತು. "ಮತ್ತೆ ಹಿಡಿದು ತಂದು ನಿಲ್ಸಬೇಕು ಅಂತ ಊರಿಗೆಲ್ಲ ಹೇಳಿದೋರು ನೀವು. ಒಂದು ಸಲ ತಪ್ಪಿತು ಅಂತ ಬಿಡ್ತಾರೇನ್ರೀ?"

"ಮನಸ್ಸು ಲೈನಿಗೆ ಬಂದೈತೆ ಮೇಷ್ಟ್ರೇ. ಎಚ್ಚರ ಇರೋ ತನಕ ಹಾಜರೈತೆ. ಮಲಗಿದ ಮ್ಯಾಲೆ ಈ ಕೈ ಕಾಯೋರ್ಯಾರು?" ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು. "ಮುದುಕಿ ಪ್ರೀತಿಯಿಂದ ಮುಟ್ಟಿದ್ಲು." ಟ್ರಂಕು ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ಅವರ ನಡಿಗೆ ಕೊನೆಯ ತನಕ ಕವಾಯತಿನ ನಡಿಗೆಯೇ.

ಮಧ್ಯಾಹ್ನ ರೇಣುಕಮ್ಮ ಬಂದರು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಅಜ್ಜಿ ಅಳಿಯನಿಗೆಂದು ಕೊಟ್ಟ ಮಿಡಿ ಉಪ್ಪಿನಕಾಯಿಯ ಭರಣಿ. ನಾನು ಬಾಗಿಲು ತೆಗೆದೆ. ಹಂಡೆಯಲ್ಲಿ ನೀರು ತುಂಬಿತ್ತು. ನೆಲ ಒರೆಸಿತ್ತು. ಹಗ್ಗದ ಮೇಲೆ ಅವರದೊಂದು ಅಂಗಿಯೂ ಇರಲಿಲ್ಲ. ರೇಣುಕಮ್ಮ ಹೊಸ್ತಿಲಾಚೆಯೇ ನಿಂತು ಒಳಗೆಲ್ಲ ಕಣ್ಣಾಡಿಸಿದರು. ನಾನು ಹೇಳಬೇಕಾದ್ದನ್ನು ಹೇಳಿದೆ.

"ಮನೆ ಬೇಕಾಗಿದ್ರೆ ನಂಗೆ ಆನವಟ್ಟೀಲಿ ಇರ್ಲಿಲ್ವಾ ಮೇಷ್ಟ್ರೇ?" ಎಂದರು. "ನಾನು ಅವ್ರ ಹತ್ರ ಬಂದಿದ್ದು."

ನನ್ನಿಂದ ಕೀಲಿ ತೆಗೆದುಕೊಂಡು ತಾವೇ ಬಾಗಿಲಿಗೆ ಬೀಗ ಹಾಕಿದರು. ಭರಣಿಯನ್ನು ನನಗೆ ಕೊಟ್ಟು, ಸಂಜೆಯ ಬಸ್ಸಿಗೆ ಆನವಟ್ಟಿಗೆ ಹೊರಟರು. ಗುತ್ಯಪ್ಪನವರ ಫೋನು ಅಂದಿನಿಂದ ಹತ್ತುತ್ತಿಲ್ಲ.