ಅಗ್ನಿ ಮೂಲೆಗೆ ತಿರುಗಿದ ಡಿಶ್

ಅಕ್ಕ ನಮ್ಮ ಗಾಡಿ ಹತ್ತಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಸಂಜೆ ಏಳಕ್ಕೆ ಬರುವ ಅವಳ ತೆಲುಗು ಧಾರಾವಾಹಿ ತಪ್ಪಬಾರದು. "ಒಂದು ದಿನ ತಪ್ತೋ, ಮಾರನೇ ಬೆಳಿಗ್ಗೆ ಬಸ್ ಹತ್ತಿ ಮನೆಗೆ ಹೋಗ್ತೀನಿ. ಆಮೇಲೆ ಅಳಬೇಡ" ಎಂದಳು. ಅಕ್ಕ ಹೇಳಿದರೆ ಹೇಳಿದ ಹಾಗೇ ಮಾಡುವವಳು, ಅದು ನನಗೆ ಚಿಕ್ಕಂದಿನಿಂದ ಗೊತ್ತು.

ಗಾಡಿ ಎಂದರೆ ಒಂದು ಹಳೆಯ ಟೆಂಪೋ. ನಮ್ಮ ಯಜಮಾನರು ನಿವೃತ್ತರಾದ ಮೇಲೆ ಅದಕ್ಕೆ ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು, ಬ್ಯಾಟರಿ ಎಲ್ಲ ಕೂರಿಸಿ ಮನೆಯನ್ನೇ ಮಾಡಿಬಿಟ್ಟಿದ್ದರು. ಚಿಕ್ಕಬಳ್ಳಾಪುರದ ನಮ್ಮ ಬೀದಿಯವರೆಲ್ಲ ಸರದಿಯ ಮೇಲೆ ಬಂದು ಒಳಗೆ ಇಣುಕಿ ಹೋಗಿದ್ದರು. ನಮಗೆ ಕಾಶಿ ಕಾಶ್ಮೀರದ ಆಸೆ ಇರಲಿಲ್ಲ. ಇದೇ ಜಿಲ್ಲೆಯಲ್ಲಿ ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದ ಊರುಗಳ ಹೊರಗೆ, ಗುಡ್ಡದ ಬುಡದಲ್ಲೋ ಕೆರೆಯ ದಂಡೆಯಲ್ಲೋ ಗಾಡಿ ನಿಲ್ಲಿಸಿಕೊಂಡು ಇದ್ದು ಬರಬೇಕೆಂಬುದಷ್ಟೇ ಇತ್ತು.

ಅಕ್ಕ ಜೊತೆಗಿರಲಿ ಎಂದು ಹಟ ಹಿಡಿದವಳು ನಾನು. ಇಬ್ಬರೂ ಒಂದೇ ಊರಿಗೆ ಸೊಸೆಯರಾಗಿ ಬಂದವರು. ಆದರೂ ಮದುವೆಯಾದ ಮೇಲೆ ಒಂದು ವಾರ ಒಟ್ಟಿಗೆ ಇದ್ದದ್ದಿಲ್ಲ. ಹಬ್ಬಕ್ಕೆ ಸೇರಿದರೂ ಅವಳು ಅಡುಗೆಮನೆಯಲ್ಲಿ, ನಾನು ನೆಂಟರ ನಡುವೆ. ಅವಳ ಮಂಡಿನೋವು ನೋಡಿದರೆ ಇನ್ನೊಂದು ವರ್ಷಕ್ಕೆ ಗಾಡಿಯ ಮೆಟ್ಟಿಲು ಹತ್ತುತ್ತಾಳೆಂಬ ನಂಬಿಕೆಯೂ ಇರಲಿಲ್ಲ. ಅವಳು ನಡುವೆ ಇಳಿದು ಹೋದರೆ ನನ್ನ ಮಟ್ಟಿಗೆ ಪ್ರವಾಸ ಅಲ್ಲಿಗೇ ಮುಗಿದ ಹಾಗೆ. ಅದಕ್ಕೇ ಷರತ್ತಿಗೆ ತಲೆಯಾಡಿಸಿದೆ.

"ಫೋನಿನಲ್ಲೇ ನೋಡಬಹುದಲ್ಲ" ಎಂದು ಯಜಮಾನರು ಒಂದು ಮಾತು ಎಸೆದರು. ನಾವು ಗಾಡಿ ನಿಲ್ಲಿಸುವ ಕಡೆ ಫೋನಿಗೆ ನೆಟ್‌ವರ್ಕ್ ಸಿಕ್ಕರೆ ಪುಣ್ಯ. ಸಿಕ್ಕರೂ ಅಂಗೈಯಷ್ಟು ಪರದೆಯಲ್ಲಿ ಅತ್ತೆ ಯಾರು ಸೊಸೆ ಯಾರು ಎಂದು ಅಕ್ಕನ ಕಣ್ಣಿಗೆ ಕಾಣುವುದಿಲ್ಲ. ಒಂದು ಚಿಕ್ಕ ಟಿವಿ, ಬಾಕ್ಸು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲುವ ಡಿಶ್ಶು, ಉದ್ದದ ವೈರು ಹೊಂದಿಸಿಕೊಂಡೆವು. ಡಿಶ್ ತಿರುಗಿಸುವ ಕೆಲಸ ನನ್ನದು ಎಂದು ನಾನೇ ಸಾರಿದೆ. ಆಯಸ್ಸೆಲ್ಲ ಹೈಸ್ಕೂಲು ಮಕ್ಕಳಿಗೆ ಭೂಗೋಳ ಪಾಠ ಮಾಡಿದವಳು. ದಿಕ್ಕಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕ ಆ ಡಿಶ್ಶಿಗೆ ಬಾಣಲೆ ಎಂದು ಹೆಸರಿಟ್ಟಳು.

ಆ ಬಾಣಲೆ ಆಗ್ನೇಯಕ್ಕೆ ಮುಖ ಮಾಡಿ ಆಕಾಶ ನೋಡಬೇಕು. ಸ್ವಲ್ಪ ಅತ್ತಿತ್ತ ಆದರೂ ಪರದೆಯ ಮೇಲೆ ಸಿಗ್ನಲ್ ಇಲ್ಲ ಎಂಬ ಅಕ್ಷರ ಬಿಟ್ಟರೆ ಇನ್ನೇನೂ ಬರುವುದಿಲ್ಲ. ಫೋನಿನ ದಿಕ್ಸೂಚಿಯೋ ಗಾಡಿಯ ಕಬ್ಬಿಣದ ಹತ್ತಿರ ಬಂದರೆ ತಲೆ ಕೆಟ್ಟಂತೆ ಸುತ್ತುತ್ತಿತ್ತು, ದೂರ ಹೋಗಿ ಹಿಡಿದರೂ ಒಂದೊಂದು ಸಲಕ್ಕೆ ಒಂದೊಂದು ದಿಕ್ಕು ತೋರಿಸುತ್ತಿತ್ತು. ಆಗ ನನಗೆ ಒಂದು ಉಪಾಯ ಹೊಳೆಯಿತು. ನಮ್ಮ ಕಡೆ ಯಾವ ಮನೆಯಲ್ಲಾದರೂ ಒಲೆ ಇರುವುದು ಅಗ್ನಿ ಮೂಲೆಯಲ್ಲೇ, ಅಂದರೆ ಆಗ್ನೇಯದಲ್ಲಿ. ಹತ್ತಿರದ ಮನೆಯ ಅಡುಗೆಮನೆ ಯಾವ ಮೂಲೆಯಲ್ಲಿದೆ ನೋಡಿಕೊಂಡು ಡಿಶ್ ಅತ್ತ ತಿರುಗಿಸಿದರಾಯಿತು. ಗೌರಿಬಿದನೂರಿನಾಚೆ ಬೆಟ್ಟದ ಬುಡದಲ್ಲಿ, ಮೊದಲ ಸಂಜೆ, ತೋಟದ ಮನೆಯೊಂದರ ಹೊಗೆಗೂಡು ನೋಡಿ ತಿರುಗಿಸಿದೆ. ಒಂದೇ ಏಟಿಗೆ ಚಿತ್ರ ಬಂತು. ಗಾಳಿ ಜೋರಾಗಿದ್ದುದರಿಂದ ಧಾರಾವಾಹಿ ಮುಗಿಯುವವರೆಗೂ ನಾನು ಹೊರಗೆ ಸ್ಟ್ಯಾಂಡು ಹಿಡಿದುಕೊಂಡೇ ನಿಂತಿದ್ದೆ. ಯಜಮಾನರು ಸ್ಟೂಲು ಹಾಕಿಕೊಂಡು ಬೆಟ್ಟ ನೋಡುತ್ತಿದ್ದರು. ಒಳಗೆ ಅಕ್ಕ ತುಟಿಪಿಟಕ್ಕೆನ್ನದೆ ನೋಡಿದಳು. ತೃಪ್ತಿಯಾಗಿದೆ ಎಂದುಕೊಂಡು ಬೀಗಿದೆ.

ಮಾರನೇ ದಿನ ದಿಬ್ಬೂರಹಳ್ಳಿಯ ಹೊರಗೆ, ಹಿಪ್ಪುನೇರಳೆ ತೋಟದ ಪಕ್ಕದ ಒಂಟಿ ಮನೆಯವರನ್ನು ಕೇಳಿ ಅವರ ಅಂಗಳದಂಚಿಗೆ ಗಾಡಿ ನಿಲ್ಲಿಸಿದೆವು. ದಿನವಿಡೀ ಮೋಡ, ಸೂರ್ಯ ಎಲ್ಲಿ ಹುಟ್ಟಿದ ಎಲ್ಲಿ ಮುಳುಗಿದ ಎಂದು ಅವನಿಗೇ ಗೊತ್ತಿರಬೇಕು. ಹೊರಗಿನಿಂದ ನೋಡಿದರೆ ಅಡುಗೆಮನೆ ಯಾವ ಕಡೆ ಎಂದು ತಿಳಿಯುವಂತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮನೆಯಾಕೆಯನ್ನು ಕೇಳಿದೆ: "ನಿಮ್ಮ ಮನೆ ಅಗ್ನಿ ಮೂಲೆ ಯಾವುದಮ್ಮ?"

ಆಕೆಯ ಮುಖ ಬಿಗಿಯಿತು. "ಒಲೆ ಇರೋದೇ ಅಗ್ನಿ ಮೂಲೇಲಿ ಕಣಮ್ಮ, ಬನ್ನಿ ಬೇಕಾದ್ರೆ ನೋಡಿ" ಎಂದು ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ನಾನು ಥ್ಯಾಂಕ್ಸ್ ಹೇಳಿ ಬಂದು ಡಿಶ್ ಅತ್ತ ತಿರುಗಿಸಿದೆ. ಸಿಗ್ನಲ್ ಇಲ್ಲ. ಎತ್ತಿದೆ, ಇಳಿಸಿದೆ. ಒಳಗಿನಿಂದ ಯಜಮಾನರು "ಇಲ್ಲ... ಇಲ್ಲ..." ಎನ್ನುತ್ತಲೇ ಇದ್ದರು. ಏಳು ಹೊಡೆಯಿತು. ಅಕ್ಕ ಸೀರೆಗಳನ್ನು ಮಡಚಿ ಬ್ಯಾಗಿಗೆ ತುಂಬಿ, ಬ್ಯಾಗನ್ನು ಗಾಡಿಯ ಬಾಗಿಲ ಬಳಿ ಇಟ್ಟಳು. "ಶಿಡ್ಲಘಟ್ಟಕ್ಕೆ ಬೆಳಿಗ್ಗೆ ಬಸ್ ಎಷ್ಟೊತ್ತಿಗಪ್ಪ?" ಎಂದು ಯಜಮಾನರನ್ನು ಕೇಳಿದಳು.

ಅಷ್ಟರಲ್ಲಿ ಮನೆಯಾಕೆ ಅಂಗಳಕ್ಕೆ ಬಂದಳು. "ಏನಮ್ಮ ಮಾಡ್ತಿದ್ದೀರಾ ಅದನ್ನ ಹಿಡ್ಕೊಂಡು?"

"ಟಿವಿ ಬರ್ತಿಲ್ಲ. ನಿಮ್ಮ ಒಲೆ ಕಡೆಗೇ ತಿರುಗಿಸಿದ್ದೀನಿ."

ಆಕೆ ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯೋ, ಟಿವಿಗಾ ಕೇಳಿದ್ದು? ನೀವು ವಾಸ್ತು ನೋಡೋರು ಅಂದ್ಕೊಂಡೆ ಕಣಮ್ಮ. ಹೋದ ವರ್ಷ ಒಬ್ಬರು ಬಂದು, ಒಲೆ ಜಾಗ ಬದಲಾಯಿಸಿದ್ದೀರಾ, ಅದಕ್ಕೇ ಮಗಳ ಮದುವೆ ತಡ ಆಗ್ತಿದೆ ಅಂತ ಹೆದರಿಸಿ ಹೋದ್ರು. ಒಗ್ಗರಣೆ ಘಾಟು ರೇಷ್ಮೆ ಹುಳಕ್ಕೆ ಆಗಲ್ಲ. ಮೊದ್ಲು ಒಲೆ ಅಗ್ನಿ ಮೂಲೇಲೇ, ಹುಳುಮನೆ ಪಕ್ಕದಲ್ಲಿತ್ತು, ಎದುರು ಮೂಲೆಗೆ ಹಾಕಿಸಿದ್ವಿ. ನಿಮ್ಮ ಕೈಲೂ ಬೈಸ್ಕೊಳ್ಳೋದ್ಯಾಕೆ ಅಂತ ಸುಳ್ಳು ಹೇಳ್ಬಿಟ್ಟೆ." ಆಮೇಲೆ ಯಾವ ಧಾರಾವಾಹಿ ಎಂದು ಕೇಳಿದಳು. ಹೇಳಿದ್ದೇ ತಡ, "ನಾವೂ ಅದನ್ನೇ ನೋಡ್ತಿರೋದು, ರಾ ಅಕ್ಕಾ" ಎಂದು ತೆಲುಗಿನಲ್ಲೇ ಕರೆದು ನಮ್ಮಕ್ಕನ ಕೈ ಹಿಡಿದು ಇಳಿಸಿಕೊಂಡು ಹೋದಳು.

ನಾನು ಡಿಶ್ಶನ್ನು ಪೂರ್ತಿ ಎದುರು ದಿಕ್ಕಿಗೆ ತಿರುಗಿಸಿದೆ. ಎರಡು ಸಲ ಅಲುಗಿಸುವುದರೊಳಗೆ ಯಜಮಾನರು "ಬಂತು" ಎಂದರು. ಕರೆಯಲು ಆ ಮನೆಯ ಹೊಸ್ತಿಲಿಗೆ ಹೋದೆ. ಸೊಪ್ಪು ಕತ್ತರಿಸುವ ಹೆಂಗಸರ ನಡುವೆ ಅಕ್ಕ ಕಾಲು ಚಾಚಿ ಕೂತಿದ್ದಳು. ಪರದೆಯ ಮೇಲಿನ ಅತ್ತೆಯನ್ನು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೈಯುತ್ತಿದ್ದಳು. ಮುಂದೆ ಏನಾಗುತ್ತದೆಂದು ಮೊದಲೇ ಹೇಳುತ್ತಿದ್ದಳು. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಕರೆಯಲು ಬಾಯಿ ಬರಲಿಲ್ಲ. ವಾಪಸು ಬಂದು ನಮ್ಮ ಟಿವಿ ಆರಿಸಿದೆ.

ಅವಳು ಬಂದ ಮೇಲೆ ಸಿಟ್ಟು ತಡೆಯದೆ ಹೇಳಿದೆ. "ನಮ್ಮಲ್ಲೂ ಬಂದಿತ್ತು. ಒದ್ದಾಡಿದ್ದೇ ಬಂತು."

"ಬಂದಿರುತ್ತೆ ಬಿಡು. ಪಕ್ಕದಲ್ಲಿ ಯಾರಿದ್ರು?" ಎಂದಳು. "ನೀನು ಗೌರಿಬಿದನೂರಲ್ಲೂ ಹೊರಗಿದ್ದೆ, ಇಲ್ಲೂ ಹೊರಗೆ. ನಾನು ನಿನ್ನ ಜೊತೆ ಬಂದ್ನೋ ನಿನ್ನ ಬಾಣಲೆ ಜೊತೆ ಬಂದ್ನೋ ಗೊತ್ತಾಗ್ಲಿಲ್ಲ ಕಣೇ ನಂಗೆ."

ಬೆಳಿಗ್ಗೆ ಯಜಮಾನರು, ಧಾರಾವಾಹಿ ತಪ್ಪಿಲ್ಲ, ಆದ್ದರಿಂದ ಷರತ್ತು ಮುರಿದಿಲ್ಲ ಎಂದು ವಕೀಲರ ಹಾಗೆ ವಾದ ಮಾಡಿದರು. "ಇವತ್ತೊಂದಿನ ನೋಡಣ" ಎಂದಳು ಅಕ್ಕ. ಬ್ಯಾಗು ಮಾತ್ರ ಬಾಗಿಲ ಬಳಿಯೇ ಉಳಿಯಿತು.

ಕೈವಾರದ ಹೊರಗೆ ನಾವು ನಿಂತ ಜಾಗದಿಂದ ರಸ್ತೆ ಕಾಣುತ್ತಿತ್ತು. ಚಿಂತಾಮಣಿಯ ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ಒಂದೊಂದು ಹೋದಾಗಲೂ ನನ್ನ ಕಣ್ಣು ಆ ಬ್ಯಾಗಿನ ಕಡೆಗೇ. ಈ ಸಲ ಒಲೆಯ ಗೊಡವೆಗೆ ಹೋಗಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲೇ ದಿಕ್ಕು ನೋಡಿ ಡಿಶ್ ನಿಲ್ಲಿಸಿ, ಕಾಲುಗಳ ಮೇಲೆ ಕಲ್ಲು ಹೇರಿ, ಏಳಕ್ಕೆ ಐದು ನಿಮಿಷ ಇರುವಾಗಲೇ ಒಳಗೆ ಹತ್ತಿದೆ. ಅಕ್ಕ ನನ್ನನ್ನು ನೋಡಿದಳು. ಬಾಗಿಲ ಬಳಿ ಇದ್ದ ಬ್ಯಾಗನ್ನು ಕಾಲಿನಿಂದ ಮಂಚದ ಕೆಳಗೆ ನೂಕಿ ಜಾಗ ಮಾಡಿದಳು.

ಧಾರಾವಾಹಿ ಶುರುವಾಯಿತು. "ಈ ಹಸಿರು ಸೀರೆಯವಳು ಯಾರ ಮಗಳು?" ಎಂದು ಕೇಳಿದೆ. "ಥೂ, ಅಷ್ಟೂ ಗೊತ್ತಿಲ್ವಾ" ಎಂದು ಬೈದಳು. ಮೂರು ತಲೆಮಾರಿನ ಕಥೆ ತೆಗೆದಳು. ನನಗೆ ಅರ್ಧ ತಲೆಗೆ ಹೋಗಲಿಲ್ಲ, ಆದರೂ ಖುಷಿಯಾಗಿತ್ತು. ಹಸಿರು ಸೀರೆಯವಳು ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಗಾಡಿಯ ಮೇಲೆ ದಬದಬ ಸದ್ದಾಯಿತು, ಚಿತ್ರ ಒಡೆಯಿತು, ಪರದೆ ನೀಲಿಯಾಯಿತು. ಸಿಗ್ನಲ್ ಇಲ್ಲ. ಅಭ್ಯಾಸಬಲದಿಂದ ಎದ್ದೆ.

ಅಕ್ಕ ನನ್ನ ಕೈ ಹಿಡಿದು ಎಳೆದಳು.

"ಕೂತ್ಕೋ ಕಣೇ. ಬಾಗಿಲ ಹಿಂದೆ ಯಾರಿದ್ದಾರೆ ಅಂತ ನಾನು ಹೇಳ್ತೀನಿ."