ನೀರು ನಿಂತ ಹೊಲಕ್ಕೆ ಚರಗ

ಎಳ್ಳಮಾವಾಸ್ಯೆಯ ಹೊಲದ ಪೂಜೆಗೆ ನಮ್ಮೂರು ಮಲ್ಲಟಕ್ಕೆ ಹೊರಡುವ ಮೊದಲೇ ನಾನು ಅವ್ವನಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಮೊಣಕಾಲಿನ ಆಪರೇಷನ್ ಆದಮೇಲೆ ಎರಡು ವರ್ಷ ಅವಳು ರಾಯಚೂರಿನಲ್ಲಿ ನನ್ನ ಮನೆಯಲ್ಲೇ ಇದ್ದಳು. ಅಷ್ಟರಲ್ಲಿ ತಮ್ಮ ನಮ್ಮ ಜೋಳದ ಹೊಲವನ್ನು ಸಮ ಮಾಡಿಸಿ, ಕಾಲುವೆ ನೀರು ತಿರುಗಿಸಿ ಭತ್ತದ ಗದ್ದೆ ಮಾಡಿದ್ದ. ಬದುವಿನ ಬನ್ನಿ ಗಿಡ ಹೋಯಿತು. ಅದರ ಬುಡದಲ್ಲಿ ಪಾಂಡವರೆಂದು ಸುಣ್ಣ ಹಚ್ಚಿ ಪೂಜಿಸುತ್ತಿದ್ದ ಐದು ಕಲ್ಲುಗಳೂ ಹೋದವು. ಅವ್ವನಿಗೆ ನೀನೇ ತಿಳಿಸು ಎಂದು ನಾನು. "ನೀನೇ ಹೇಳಕ್ಕಾ, ನನ್ನ ಬೈತಾಳ" ಎಂದು ಅವನು. ಫೋನಿನಲ್ಲಿ ಇದೇ ಮಾತಾಗಿತ್ತು.

ಹಬ್ಬಕ್ಕೆ ಅವ್ವ ಕುಂತಲ್ಲೇ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಟ್ಟಿದಳು. ಜೋಳದ ಕಡುಬು, ಪುಂಡಿಪಲ್ಲೆ, ಶೇಂಗಾ ಹೋಳಿಗೆ ನನ್ನ ಪಾಲಿಗೆ. ನಾನು ಕಲಿಸುವ ಶಾಲೆಯಲ್ಲಿ ಒಂದು ದಿನದ ರಜೆ ಬೇಡಿ ಪಡೆದು, ಬುಟ್ಟಿ ಹೊತ್ತು ಬಸ್ಸಿನಲ್ಲಿ ಸಿರವಾರಕ್ಕೆ ಹೋದೆವು. ಅಲ್ಲಿಂದ ತಮ್ಮ ಕಾರಿನಲ್ಲಿ ಕರೆದೊಯ್ದ.

ಕಾಲುವೆ ದಂಡೆಯಲ್ಲಿ ಕಾರು ನಿಂತಾಗ ಅವ್ವ ಇಳಿಯಲಿಲ್ಲ.

"ಇಲ್ಯಾಕ ನಿಲ್ಲಿಸಿದೆಪಾ?"

"ನಮ್ಮ ಹೊಲ ಬಂತಲ್ಲ ಯವ್ವಾ."

ಎರಡನೇ ಬೆಳೆಗೆ ಕೆಸರು ಮಾಡಿ ನೀರು ನಿಲ್ಲಿಸಿದ್ದರು. ಅವ್ವ ಬಾಗಿಲು ಹಿಡಿದು ಇಳಿದು ನೋಡಿದಳು.

"ಬನ್ನಿ ಗಿಡ ಎಲ್ಲದ?"

"ತಗಸೀನಿ. ಟ್ರ್ಯಾಕ್ಟರ್ ತಿರುಗಾಕ ಅಡ್ಡ ಆಗತಿತ್ತು."

"ಪಾಂಡವರು?"

ಅವನು ನನ್ನ ಮುಖ ನೋಡಿದ. "ಬದು ಒಡಿವಾಗ ಮಣ್ಣಾಗ ಹೋದ್ವು."

ಅವ್ವ ನನ್ನ ಕಡೆ ತಿರುಗಿದಳು. "ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಅಂವಗ ಬೆಳಿ ಒಂದೇ ಕಾಣಸ್ತದ. ನೀ ಸಾಲಿ ಕಲಿಸಾಕಿ, ನಿನಗ ಬಾಯಿ ಇರಲಿಲ್ಲೇನು?"

ಗಿಡ ಕಡಿಸಿದವನು ಅವನು, ಬೈಗುಳ ನನಗೆ. ಆದರೂ ಸಿಟ್ಟು ನುಂಗಿಕೊಂಡು, ದೇವದುರ್ಗ ಕಡೆಯ ನನ್ನ ಗಂಡನ ಊರು ಅರಕೇರಾಕ್ಕೆ ಹೋಗೋಣವೆಂದೆ. ಅಲ್ಲಿ ಮಳೆಯನ್ನೇ ನಂಬಿದ ಹೊಲ. ಜೋಳ ಎದೆಯೆತ್ತರ ನಿಂತಿತ್ತು, ಕುಳಿತು ಉಣ್ಣಲು ಜಾಗವೂ ಇತ್ತು.

"ಅದು ನಿಮ್ಮತ್ತಿ ಮನಿ ಹೊಲ. ನಾ ಉಣಸಾಕ ಬಂದದ್ದು ಇದನ್ನ" ಎಂದಳು.

ಕಡುಬು, ರೊಟ್ಟಿ, ಪಲ್ಲೆ ಕಲಸಿ ಭೂಮಿತಾಯಿಗೆ ಉಣಿಸುವ ಚರಗ ಮಾಡಿಕೊಂಡು, ದಂಡೆಯ ಮೇಲೆ ನನ್ನ ತೋಳು ಹಿಡಿದು ನಡೆದಳು. "ಹುಲ್ಲುಲ್ಲಿಗೋ" ಎಂದು ವಾಡಿಕೆಯಂತೆ ಕೂಗುತ್ತ ಗದ್ದೆಗೆ ಎರಚಿದಳು. ಒಬ್ಬರು ಚರಗ ಚೆಲ್ಲಿದರೆ ಹಿಂದೆ ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸಬೇಕು. ಆ ಕೆಲಸ ನನಗೆ ಬಂತು. ತುಂಬಿದ ನೀರಿಗೆ ಮತ್ತೆ ನೀರು! ಬೆಳ್ಳಕ್ಕಿಗಳು ಹಾರಿ ಬಂದು ನಮ್ಮ ಎರಡು ದಿನದ ಅಡುಗೆಯನ್ನು ಕೆದಕಿದವು.

"ನೀರಾಗ ಯಾಕ ಹಾಳ ಮಾಡ್ತೀಯಬೇ?" ತಮ್ಮ ಕಾರಿನಿಂದಲೇ ಅಂದ.

ಅವ್ವ ಬೊಗಸೆಯಲ್ಲಿ ಉಳಿದದ್ದನ್ನೂ ಎರಚಿದಳು. ಉಂಡದ್ದು ಕಾರಿನೊಳಗೆ, ತಟ್ಟೆ ತೊಡೆಯ ಮೇಲಿಟ್ಟುಕೊಂಡು. ತಮ್ಮ ಮಾತ್ರ ನಾಲ್ಕು ಹೋಳಿಗೆ ತಿಂದು, ಈ ಸಲ ತುಪ್ಪ ಕಡಿಮೆಯಾಗಿದೆ ಎಂದ.

ರಾಯಚೂರಿಗೆ ಮರಳಿದ ಮೇಲೆ ಮೂರು ದಿನ ಅವ್ವ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ನಾಲ್ಕನೇ ದಿನ ತಮ್ಮನಿಗೆ ಫೋನ್ ಮಾಡಿ, ಹೊಲದ ಮೂಲೆಯಲ್ಲಿ ನಾಲ್ಕು ಜನ ಕೂಡುವಷ್ಟು ಒಣ ನೆಲ ಬಿಡು, ಕಲ್ಲು ನಾನೇ ತಂದಿಡುತ್ತೇನೆ ಎಂದೆ.

"ನೋಡೋಣ ತಗೋ ಅಕ್ಕಾ, ಈಗ ಸಸಿ ಹಚ್ಚಾಕತ್ತಾರ" ಎಂದ.

ಆ ಬೆಳೆ ಕೊಯ್ದಾಯಿತು, ಮತ್ತೆ ನೀರೂ ಬಿಟ್ಟಾಯಿತು. ಅವನಿನ್ನೂ ನೋಡಿಲ್ಲ. ಈ ಸಲದ ಎಳ್ಳಮಾವಾಸ್ಯೆಗೆ ಎಲ್ಲಿಗೆ ಹೋಗೋಣ ಎಂದು ಅವ್ವನನ್ನು ಕೇಳುವ ಧೈರ್ಯ ನನಗೂ ಬಂದಿಲ್ಲ.